ಹದಿನೈದು ನಿಮಿಷದ ಪಾಠ

“ಅಲ್ಲಮ್ಮ, ಕಿವಿ ಕೇಳದ ಮಕ್ಕಳಿಗೆ ಕಿವಿ ಕೇಳದವರೇ ಪಾಠ ಮಾಡೋದು ಅಂದ್ರೆ ಹೇಗೆ? ಕ್ಲಾಸಲ್ಲಿ ಗಲಾಟೆ ಆದ್ರೆ ಇವರಿಗೆ ಗೊತ್ತಾಗೋದು ಯಾವಾಗ?” ಅಂದರು ಕಿವುಡು ಮಕ್ಕಳ ಶಾಲೆಯ ಹೆಡ್‌ಮೇಷ್ಟ್ರು, ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು.

ಮಾತು ನಾದಿನಿಯ ಬಗ್ಗೆ. ಆಡಿದ್ದು ಅತ್ತಿಗೆಯ ಮುಖ ನೋಡಿ. ನಾದಿನಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು. ಅತ್ತಿಗೆ ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಜೊತೆ ಜಗಳವಾಡಲಿಕ್ಕೆಂದೇ ಕೈಭಾಷೆ ಕಲಿತವಳು. ಜಗಳ ಯಾವಾಗಲೋ ಮುಗಿಯಿತು, ಭಾಷೆ ಉಳಿಯಿತು. ಟೀಚರ್ ಟ್ರೈನಿಂಗ್ ಮುಗಿಸಿದ ನಾದಿನಿಗೆ ಇದು ನಾಲ್ಕನೇ ಶಾಲೆ. ಹಿಂದಿನ ಮೂರೂ ಕಡೆ ಬಾಗಿಲಲ್ಲೇ ಸಾಗಹಾಕಿದ್ದರು. ಇಲ್ಲಿ ಕುರ್ಚಿಯಾದರೂ ಕೊಟ್ಟಿದ್ದಾರಲ್ಲ, ಅದನ್ನು ಯಾಕೆ ಕೆಡಿಸಬೇಕು ಎಂದು ಅತ್ತಿಗೆ ಕೈ ಆಡಿಸಿದಳು: “ನಿನ್ನ ಅನುಭವ ಎಷ್ಟು ಅಂತ ಕೇಳ್ತಿದಾರೆ.”

ನಾದಿನಿ ಹೆಡ್‌ಮೇಷ್ಟ್ರ ಹುಬ್ಬು ನೋಡಿದಳು, ಅತ್ತಿಗೆಯ ಕೈ ನೋಡಿದಳು. “ಅನುಭವ ಕೇಳೋ ಮುಖವಾ ಅದು? ಸಕ್ಕರೆ ಹಾಕಬೇಡ ಅತ್ತಿಗೆ. ಇದ್ದದ್ದು ಇದ್ದ ಹಾಗೆ ಹೇಳು.”

ಸಿಕ್ಕಿಬಿದ್ದ ಅತ್ತಿಗೆ ಇದ್ದದ್ದನ್ನೇ ಹೇಳಿದಳು. ನಾದಿನಿಯ ಕೈಗಳು ಪಟಪಟ ಓಡಿದವು.

“ಸಾರ್, ಅವಳು ಹೇಳ್ತಾಳೆ... ಗಲಾಟೆ ನಿಮಗೆ ಕೇಳಿಸುತ್ತೆ, ನನಗೆ ಕಾಣಿಸುತ್ತೆ. ಹದಿನೈದು ನಿಮಿಷ ಕ್ಲಾಸು ಕೊಡಿ, ಆಮೇಲೆ ಬೇಕಾದ್ರೆ ಬೇಡ ಅನ್ನಿ, ಅಂತ.”

ಹೆಡ್‌ಮೇಷ್ಟ್ರು ಗಡಿಯಾರ ನೋಡಿ ಎದ್ದರು. ಕೆಟ್ಟ ಮನುಷ್ಯರೇನಲ್ಲ. ಕೈಸನ್ನೆ ಬಿಟ್ಟರೇನೇ ಮಕ್ಕಳಿಗೆ ಬಾಯಿಮಾತು ಬರುವುದು ಎಂದು ನಂಬಿದವರು. ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಮುತ್ತಿನಂಥ ಅಕ್ಷರ ಬರೆದು, ಬೋರ್ಡಿಗೇ ಮುಖ ಮಾಡಿ ಗಟ್ಟಿಯಾಗಿ ಓದಿ, ಮಕ್ಕಳ ಕೈಲಿ ಅದನ್ನು ಅಚ್ಚುಕಟ್ಟಾಗಿ ಬರೆಸಿದವರು.

ನಾಲ್ಕನೇ ತರಗತಿಯಲ್ಲಿ ಹನ್ನೆರಡು ಮಕ್ಕಳು, ಒಂದರ ಬೆನ್ನ ಹಿಂದೆ ಒಂದು ಬೆಂಚು. ನಾದಿನಿ ಬಾಗಿಲ ಪಕ್ಕದ ಸ್ವಿಚ್ಚನ್ನು ಎರಡು ಸಲ ಒತ್ತಿದಳು. ದೀಪ ಮಿಟುಕಿತು, ಹನ್ನೆರಡು ತಲೆ ತಿರುಗಿದವು. ಮನೆಯಲ್ಲಿ ಅವಳನ್ನು ಕರೆಯುವುದೂ ಹೀಗೆಯೇ. ಆದರೆ ಅವಳು ಪಾಠ ಶುರು ಮಾಡಲಿಲ್ಲ. ತೋಳೇರಿಸಿ ಬೆಂಚು ಎಳೆಯತೊಡಗಿದಳು! ಮಕ್ಕಳೂ ಹುರುಪಿನಿಂದ ಕೈ ಹಾಕಿದರು. ಕಬ್ಬಿಣದ ಕಾಲುಗಳು ನೆಲದ ಮೇಲೆ ಕಿರ್ರೋ ಎಂದದ್ದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಕೇಳಿಸಿ, ಆ ಇಬ್ಬರೂ ಹಲ್ಲು ಕಚ್ಚಿಕೊಂಡರು. ಸಾಲು ಮಾಯವಾಗಿ, ಬೆಂಚುಗಳು ಕುದುರೆ ಲಾಳದಂತೆ ಬಾಗಿ ನಿಂತವು. ಕಿಟಕಿಗೆ ಬೆನ್ನು ಹಾಕಿ ನಿಂತರೆ ಕೈಗಳು ಬರೀ ನೆರಳಾಗಿ ಕಾಣುತ್ತವೆಂದು ಅವಳು ಪರದೆಯನ್ನೂ ಎಳೆದಳು.

“ಏಳು ನಿಮಿಷ ಹೋಯ್ತು ಕಣೇ! ಬೆಂಚು ಹೊರೋ ಕೆಲಸಕ್ಕಾ ನೀನು ಅರ್ಜಿ ಹಾಕಿದ್ದು?” ಅತ್ತಿಗೆ ದೂರದಿಂದಲೇ ಕೈ ಆಡಿಸಿದಳು.

“ಇನ್ನೂ ಎಂಟಿದೆ. ನೀನು ಸುಮ್ನೆ ಕೂತ್ಕೋ.”

ಪಾಠ, ನೀರು ಆವಿಯಾಗುವುದು. ನಾದಿನಿ ಒದ್ದೆ ಬಟ್ಟೆಯಿಂದ ಬೋರ್ಡು ಒರೆಸಿದಳು. ಕಪ್ಪಗೆ ಹೊಳೆಯುತ್ತಿದ್ದ ಬೋರ್ಡು ಅಂಚಿನಿಂದ ಒಣಗುತ್ತಾ ಬಂದಂತೆ ಅವಳ ಹತ್ತು ಬೆರಳೂ ಮೇಲಕ್ಕೆ ತೇಲಿ, ಬಿಡಿಬಿಡಿಯಾಗಿ, ಗಾಳಿಯಲ್ಲಿ ಕರಗಿದವು. ಅಷ್ಟೇ ಸಾಕಾಯಿತು. ಇಷ್ಟು ದಿನ ಕೊನೆಯ ಬೆಂಚಿನಲ್ಲಿ ಮುದುಡಿ ಕೂರುತ್ತಿದ್ದ ಎರಡು ಜಡೆಯ ಹುಡುಗಿ ಕೈ ಎತ್ತಿ ಏನೋ ಕೇಳಿದಳು. ಎದುರು ತುದಿಯಿಂದ ಒಬ್ಬ ಉತ್ತರ ಕೊಟ್ಟ. ನಡುವೆ ಕೂತವಳು ಇಬ್ಬರದೂ ತಪ್ಪೆಂದು ಬೆಂಚು ಗುದ್ದಿದಳು.

“ಏನಂತೆ ಆ ಜಡೆಯವಳದು?” ಹೆಡ್‌ಮೇಷ್ಟ್ರು ಅತ್ತಿಗೆಯ ಕಡೆ ಬಗ್ಗಿದರು. “ಸ್ವಲ್ಪ ಮಂದ ಆ ಹುಡುಗಿ. ಮೂರು ವರ್ಷದಲ್ಲಿ ಒಂದು ಪ್ರಶ್ನೆ ಕೇಳಿದ್ದು ನಾನು ಕಾಣೆ.”

“ಬೋರ್ಡಿನ ನೀರು ಈ ಕೋಣೆಯಲ್ಲೇ ಇದ್ರೆ ನಾವು ಅದನ್ನೇ ಉಸಿರಾಡ್ತಿದೀವಾ ಅಂತ ಕೇಳ್ತಿದಾಳೆ ಸಾರ್. ಹೌದು, ಅದಕ್ಕೇ ಕನ್ನಡಿ ಮೇಲೆ ಊದಿದ್ರೆ ಮಂಜಾಗುತ್ತೆ ಅಂತಾನೆ ಅವನು.” ಅತ್ತಿಗೆಗೆ ಒಂದು ಗಳಿಗೆ ಸಕ್ಕರೆ ಡಬ್ಬಿ ನೆನಪಾಯಿತು. ಅದರ ಮುಚ್ಚಳ ತೆರೆಯಲಿಲ್ಲ. “ಮೊದಲೂ ಕೇಳಿರ್ತಾಳೆ ಸಾರ್, ಕೈಯಲ್ಲಿ. ನೀವು ಬೋರ್ಡಿನ ಕಡೆ ತಿರುಗಿರ್ತೀರಿ.”

ಹೆಡ್‌ಮೇಷ್ಟ್ರು ಆ ಹುಡುಗಿಯ ಕೈಗಳನ್ನೇ ನೋಡುತ್ತಾ ನಿಂತರು. ಹದಿನೈದು ನಿಮಿಷ ಮುಗಿದು ಇನ್ನೈದು ಕಳೆದಿತ್ತು.

“ಟೈಮಾಯ್ತು ಅಂತ ಹೇಳ್ಲಾ ಸಾರ್?”

“ಬೇಡ. ‘ನಾಳೆಯಿಂದ ಬನ್ನಿ’ ಅಂತ ಕೈಯಲ್ಲಿ ಹೇಗೆ ಹೇಳೋದು?”

ಅತ್ತಿಗೆ ತಟ್ಟನೆ ಎದ್ದಳು. “ನಾನೇ... ನಾನೇ ಹೇಳ್ತೀನಿ ಬಿಡಿ.”

“ನಾನು ಹೇಳಬೇಕಮ್ಮ. ತೋರಿಸಿ.”

“ಕೈ ಹೆಗಲ ಹಿಂದಕ್ಕೆ ಹೋದ್ರೆ ನಿನ್ನೆ, ಮುಂದಕ್ಕೆ ಹೋದ್ರೆ ನಾಳೆ. ಆಮೇಲೆ ಹೀಗೆ ಕರೀರಿ. ಹುಷಾರು ಸಾರ್.”

ಹೆಡ್‌ಮೇಷ್ಟ್ರು ಹೋಗಿ ಸ್ವಿಚ್ಚನ್ನು ಎರಡು ಸಲ ಒತ್ತಿದರು. ಹದಿಮೂರು ಮುಖಗಳು ಒಟ್ಟಿಗೆ ಅವರತ್ತ ತಿರುಗಿದವು. ಅಷ್ಟೊಂದು ಕಣ್ಣು ಒಮ್ಮೆಲೇ ಕಂಡು ಗಾಬರಿಯಾಯಿತೋ ಏನೋ, ಎತ್ತಿದ ಕೈಯನ್ನು ಹೆಗಲ ಹಿಂದಕ್ಕೇ ಒಯ್ದರು. ನಿನ್ನೆಯಿಂದ ಬನ್ನಿ! ಮಕ್ಕಳ ನಗು ಕೋಣೆ ತುಂಬಿತು. ಎರಡು ಜಡೆಯ ಹುಡುಗಿ ಮಾತ್ರ ನಗದೆ ಎದ್ದು ಬಂದಳು. ತುದಿಗಾಲಲ್ಲಿ ನಿಂತು ಅವರ ಮಣಿಕಟ್ಟು ಹಿಡಿದು, ಹಿಂದಕ್ಕೆ ಹೋಗಿದ್ದ ಕೈಯನ್ನು ಮೆಲ್ಲಗೆ ಮುಂದಕ್ಕೆ ತಂದು ಬಿಟ್ಟಳು.