ಹಗುರಾದ ಸ್ಟೇರಿಂಗ್

ಬಿಸಿಲಿಗೆ ಬಾಡಿದ ಕಬ್ಬಿನ ವಾಸನೆ ಬಂದರೆ ಈಗಲೂ ನನಗೆ ಸರಸಂಬಾದಿಂದ ಭೂಸನೂರಿನ ಸಕ್ಕರೆ ಕಾರ್ಖಾನೆಯ ಕಡೆ ಹೊರಟಿದ್ದ ಆ ಮಧ್ಯಾಹ್ನ ನೆನಪಾಗುತ್ತದೆ.

ಕಬ್ಬು ಕಡಿದು ಮೂರು ದಿನವಾಗಿತ್ತು. ಬರಬೇಕಿದ್ದ ಟ್ರ್ಯಾಕ್ಟರ್ ಬಂದಿರಲಿಲ್ಲ. ಕಾದು ಸಾಕಾಗಿ ಅಪ್ಪ ತನ್ನ ಸಣ್ಣ ಪಿಕಪ್ಪಿಗೆ ಕೊಂಡಿ ವೆಲ್ಡಿಂಗ್ ಮಾಡಿಸಿ, ತುಂಬಿದ ಟ್ರೇಲರನ್ನು ಅದಕ್ಕೇ ಕಟ್ಟಿದ್ದ. ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಾಗಿದ್ದವು. ನಾನು ಅವ್ವನಿಗೆ ಒತ್ತಿ ಕೂತಿದ್ದೆ. ಸೀಟಿನ ರೆಕ್ಸಿನ್ ಕಾದು ತೊಡೆಗೆ ಅಂಟುತ್ತಿತ್ತು.

ಏರು ಶುರುವಾದಾಗ ಅಪ್ಪ, "ಸ್ಟೇರಿಂಗ್ ಹಗುರ ಆಗ್ಯಾದ" ಎಂದ.

"ಚಲೋ ಆತಲ್ರಿ. ಮುಂಜಾನಿಂದ ರಟ್ಟಿ ನೋಯ್ತಾವಂತ ಒದರಾಕತ್ತಿದ್ರಿ" ಎಂದು ಅವ್ವ ನಕ್ಕಳು. ನಾನೂ ನಕ್ಕೆ.

ಅಪ್ಪ ನಗಲಿಲ್ಲ. ಎಡಕ್ಕೆ ತಿರುಗಿಸಿದರೂ ಗಾಡಿ ನೇರವಾಗಿಯೇ ಹೋಗುತ್ತಿತ್ತು. ಹೇಗೋ ನಿಲ್ಲಿಸಿ, ಇಳಿದು, ಗಾಲಿಗೆ ಕಲ್ಲು ಕೊಟ್ಟ.

"ಹಿಂದಿನ ಭಾರಕ್ಕ ಮುಂದಿನ ಗಾಲಿ ನೆಲ ಬಿಡಾಕತ್ತಾವ. ಕೂಸಿಗಿ ಕರ್ಕೊಂಡು ನೀ ನಡ್ಕೊಂತ ಬಾ. ನಾ ಒಬ್ಬನ ಏರಸ್ತೇನಿ."

ಅವ್ವ ನನ್ನನ್ನು ಬೇವಿನ ನೆರಳಲ್ಲಿ ಕೂರಿಸಿದಳು. ಆಮೇಲೆ ಟ್ರೇಲರಿನ ಹಗ್ಗ ಸಡಿಲಿಸಿ, ಒಂದು ಕಟ್ಟು ಕಬ್ಬು ಎಳೆದು ರಸ್ತೆಯ ಬದಿಗೆ ಹಾಕಿದಳು.

"ಏನ್ ಮಾಡಾಕತ್ತೀ?" ಎಂದ ಅಪ್ಪ. " ಎರಡು ಸಲ ಹೋಗೂದಂದ್ರ ಉಳಿದದ್ದು ಒಣಗತದ, ತೂಕ ಇಳೀತದ."

"ಒಣಗಲಿ" ಎಂದಳು ಅವ್ವ, ಎರಡನೆಯ ಕಟ್ಟಿಗೆ ಕೈ ಹಾಕುತ್ತ. "ಕೂಸಿಗಿ ಇಳಿಸೂವಂಥ ಗಾಡ್ಯಾಗ ನೀವೊಬ್ರು ಹೆಂಗ ಕುಂದ್ರತೀರಿ?"

ಅಪ್ಪ ಏರನ್ನೊಮ್ಮೆ ನೋಡಿದ. ಆಮೇಲೆ ಬಂದು ಹಗ್ಗದ ಇನ್ನೊಂದು ತುದಿ ಬಿಚ್ಚಿದ.