ನೂರಕ್ಕೆ ಆರು

ಬಾಗಿಲು ತೆರೆದ ಸಾವಿತ್ರಿಬಾಯಿ ಸೊಸೆಯ ಮುಖ ನೋಡಿ ಪಕ್ಕಕ್ಕೆ ಸರಿದರು. ಕಾವ್ಯಾ ಚಪ್ಪಲಿ ಬಿಟ್ಟು ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತಳು. ಮಾದಾಪುರದ ಆಸ್ಪತ್ರೆಯಿಂದ ಲಿಂಗಂಪಲ್ಲಿಯ ಮನೆಗೆ ಬರುವಷ್ಟರಲ್ಲಿ ಅವಳ ತುಟಿ ಒಣಗಿಹೋಗಿತ್ತು.

ಅವಳ ಗಂಡ ರವಿಕಿರಣ ಡೆಂಗ್ಯೂ ಜ್ವರದಲ್ಲಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಮಕ್ಕಳಿಗಾಗಿ ಗಂಡ ಹೆಂಡತಿ ಚಿಕಿತ್ಸೆ ಪಡೆಯುತ್ತಿದ್ದಾಗ ಉಳಿದ ಒಂದೇ ಒಂದು ಭ್ರೂಣವನ್ನು ಆ ಆಸ್ಪತ್ರೆಯವರು ಹೆಪ್ಪುಗಟ್ಟಿಸಿ ಇಟ್ಟಿದ್ದರು. ಸಾವಿತ್ರಿಬಾಯಿಗೆ ಇದ್ದವನು ಅವನೊಬ್ಬನೇ ಮಗ. ವರ್ಷವಿಡೀ ಅವರು ಸೊಸೆಗೆ ಹೇಳಿದ್ದು ಒಂದೇ ಮಾತು: ಅದನ್ನು ನಿನ್ನ ಹೊಟ್ಟೆಯಲ್ಲಿ ಬೆಳೆಸು, ನನ್ನ ಮಗ ತಿರುಗಿ ಬಂದಂತಾಗುತ್ತದೆ. ಕಾವ್ಯಾ ಒಲ್ಲೆ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಆಫೀಸಿನ ಶಾಂತಕುಮಾರ ಮದುವೆಯ ಮಾತೆತ್ತಿದ್ದನ್ನೂ ಅತ್ತೆಯ ಮುಂದೆ ಬಾಯಿ ಬಿಟ್ಟಿರಲಿಲ್ಲ.

ಕೊನೆಗೆ ಡಾಕ್ಟರೇ ಒಂದು ದಾರಿ ತೋರಿಸಿದರು. ಭ್ರೂಣದ ಚಿತ್ರ, ಕಾವ್ಯಾಳ ವಯಸ್ಸು, ಪರೀಕ್ಷೆಗಳ ವಿವರ ಎಲ್ಲವನ್ನೂ ನೋಡಿ, ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ ಎಷ್ಟೆಂದು ಕೃತಕ ಬುದ್ಧಿಮತ್ತೆಯ ಕಂಪ್ಯೂಟರ್ ಹೇಳುತ್ತದಂತೆ. ಅಂಕಿ ಚಲೋ ಬಂದರೆ ಮುಂದುವರಿಯುವುದು, ಇಲ್ಲವಾದರೆ ಕೈಬಿಡುವುದು ಎಂದು ಅತ್ತೆ ಸೊಸೆ ಒಪ್ಪಿಕೊಂಡಿದ್ದರು.

"ನೂರಕ್ಕ ಆರಂತರಿ, ಅತ್ತಿ," ಎಂದಳು ಕಾವ್ಯಾ, ನೆಲ ನೋಡುತ್ತ. "ನಿಲ್ಲೂದಿಲ್ಲಂತ."

ಸಾವಿತ್ರಿಬಾಯಿ ಕಾಗದ ತೋರಿಸು ಎನ್ನಲಿಲ್ಲ. ಇನ್ನೊಬ್ಬ ಡಾಕ್ಟರನ್ನು ಕೇಳೋಣ ಎನ್ನಲಿಲ್ಲ. ಪಕ್ಕದಲ್ಲಿ ಕೂತು ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡರು. ಕಾವ್ಯಾ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆಯ ಕಣ್ಣು ಆಗಲೇ ಕೆಂಪಗಿದ್ದುದನ್ನು ಅವಳು ಗಮನಿಸಲಿಲ್ಲ.

"ಅದನ್ನ ಏನ್ ಮಾಡ್ತಾರಂತ?" ಸಾವಿತ್ರಿಬಾಯಿ ಮೆಲ್ಲಗೆ ಕೇಳಿದರು.

"ಇನ್ನ ಇಡೂದು ಬ್ಯಾಡ ಅಂತ ಸಹಿ ಮಾಡಿ ಬಂದೀನ್ರಿ."

ಸೊಸೆಯ ತಲೆ ನೇವರಿಸುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ನೇವರಿಸತೊಡಗಿತು.

"ಚಲೋ ಮಾಡ್ದಿ ಬಿಡವ್ವ. ಆ ಸೂಜಿ ಚುಚ್ಚಿಸ್ಕೊಳ್ಳೂದು ಇನ್ನ ಸಾಕು. ಶಾಂತಕುಮಾರ ಒಳ್ಳೆ ಹುಡುಗ ಅಂತ ನಿಮ್ಮ ಅವ್ವ ಹೇಳ್ಯಾಳ. ಅವಗ ಹೂಂ ಅನ್ನು."

ಕಾವ್ಯಾ ತಲೆಯೆತ್ತಿ ನೋಡಿದಳು. ಅತ್ತೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಆರು ಎಂಬ ಅಂಕಿಯನ್ನು ಆ ಮುದುಕಿ ನಂಬಿಬಿಟ್ಟಳೆಂದು ಅವಳಿಗೆ ಮನಸ್ಸು ಹಗುರವಾಯಿತು, ನಾಚಿಕೆಯೂ ಆಯಿತು.

ಆಸ್ಪತ್ರೆಯ ದಾಖಲೆಯಲ್ಲಿ ಇನ್ನೂ ರವಿಕಿರಣನ ನಂಬರೇ ಇತ್ತು. ತಾಯಿ ಇವತ್ತಿಗೂ ಚಾರ್ಜು ಮಾಡಿಡುವ ಆ ಫೋನಿಗೆ ಬೆಳಿಗ್ಗೆಯೇ ಬಂದ ಸಂದೇಶದಲ್ಲಿ ಇದ್ದದ್ದು ನೂರಕ್ಕೆ ಎಪ್ಪತ್ತೆರಡು.