ಕ್ಯಾಸೆಟ್ಟಿಗೆ ಟಿಕೇಟು ಬೇಡ
ಯುರೋಪಿಗೂ ಮಸ್ಕತ್ತಿನ ತುಳುವರಿಗೂ ನಡುವಣ ಸಾಂಸ್ಕೃತಿಕ ಸಹಕಾರದ ಭವಿಷ್ಯವು ೧೯೯೪ರ ಒಂದು ಶುಕ್ರವಾರ ಅಲ್ ಖುವೈರ್ ಬಡಾವಣೆಯ ಸಭಾಂಗಣದಲ್ಲಿ ಭೋಜರಾಜರ ಎಡ ಮೊಣಕಾಲಿನ ಮೇಲೆ ನಿಂತಿತ್ತು. ಬ್ರಸೆಲ್ಸಿನ ಪ್ರತಿಷ್ಠಾನದಿಂದ ಬಂದ ಮೇಡಂ ಮುಂದಿನ ಸಾಲಿನಲ್ಲಿದ್ದರು. ಅವರು ಮೆಚ್ಚಿದರೆ ತಂಡದ ಐದು ಮಂದಿ ಅಲ್ಲಿಗೆ ಹೋಗಿ ಯಕ್ಷಗಾನ ಆಡುವುದಕ್ಕೂ ಕಲಿಸುವುದಕ್ಕೂ ಅನುದಾನ ಸಿಗಲಿತ್ತು. ತುಳುವರ ಸಂಘದ ಅಧ್ಯಕ್ಷ ಭೋಜರಾಜರು ಕಿರೀಟ ಹೊತ್ತು ಗಿರ್ರನೆ ತಿರುಗುತ್ತಿದ್ದರು. ಪದ ಹಾಡಿ ಕುಣಿಸುವ ಭಾಗವತಿಕೆ ಸ್ವರ್ಣಲತಾ ಅವರದು.

ಸ್ವಲ್ಪ ಮೊದಲು, ಬಣ್ಣ ಹಚ್ಚಿಕೊಳ್ಳುತ್ತಾ ಭೋಜರಾಜರು ಹೇಳಿದ್ದರು: "ನಿಮ್ಮ ಪದ ಕ್ಯಾಸೆಟ್ಟಿನಲ್ಲಿ ಉಂಟಲ್ಲ ಸ್ವರ್ಣಕ್ಕ, ಅಲ್ಲಿ ಅದನ್ನೇ ಹಾಕುವ. ನಿಮ್ಮ ಟಿಕೇಟಿನಲ್ಲಿ ನನ್ನ ಭಾವಮೈದ ಪ್ರೇಮನಾಥ ಬರ್ತಾನೆ."

ಭಾಗವತರು ಜಾಗಟೆಯಲ್ಲಿ ಮುಕ್ತಾಯದ ಪೆಟ್ಟು ಕೊಡುವವರೆಗೆ ವೇಷಧಾರಿ ಕುಣಿತ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಊರಿನವರೆಲ್ಲರ ಎದುರು ಸೋತಂತೆ. ಸ್ವರ್ಣಲತಾ ಕೊನೆಯ ಸಾಲಿಗೆ ಬಂದರು, ಮುಕ್ತಾಯ ಕೊಡಲಿಲ್ಲ, ಅದೇ ಸಾಲನ್ನು ಮತ್ತೆ ಎತ್ತಿಕೊಂಡರು. ಮತ್ತೆ. ಮತ್ತೂ ಒಮ್ಮೆ.

"ಖಲಾಸ್ ಮಾಡಿ ಮಾರಾಯ್ರೆ!" ಸುತ್ತು ಹೊಡೆಯುತ್ತಾ ಹತ್ತಿರ ಬಂದ ಭೋಜರಾಜರು ಹಲ್ಲು ಕಚ್ಚಿದರು.

"ಕ್ಯಾಸೆಟ್ ಆಗಿದ್ರೆ ಬಂದ್ ಮಾಡ್ಬಹುದಿತ್ತು ಭೋಜಣ್ಣ," ಎಂದು ಉಸಿರೆಳೆಯುವ ಸಂದಿನಲ್ಲಿ ಹೇಳಿ ಅವರು ತಾಳ ಚುರುಕುಗೊಳಿಸಿದರು.

ಕಿರೀಟ ಕಣ್ಣಿಗೆ ಜಾರಿತು. ಎಡ ಮೊಣಕಾಲು ಮಡಿಯಿತು. ಭೋಜರಾಜರು ಮೇಡಂ ಕಾಲಬುಡದಲ್ಲಿ ಕುಕ್ಕರಿಸಿದರು. ಆಗ ಜಾಗಟೆ ಮುಕ್ತಾಯ ಹೇಳಿತು.

"ಇವರು ಕುಣಿಯುವುದನ್ನು ಯಾಕೆ ನಿಲ್ಲಿಸಲಿಲ್ಲ?" ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರು.

"ಅದು ಇವರ ಕೈಯಲ್ಲಿ ಇಲ್ಲ ಮೇಡಂ, ಎಲ್ಲ ಭಾಗವತರದ್ದೇ," ಎಂದು ಪಕ್ಕದಲ್ಲಿ ಕೂತಿದ್ದ ಪ್ರೇಮನಾಥನೇ ಬಾಯಿಬಿಟ್ಟ.

ಭಾಗವತರು ಖುದ್ದಾಗಿ ಬರಬೇಕೆಂಬ ಷರತ್ತಿನ ಮೇಲೆ ಅನುದಾನ ಮಂಜೂರಾಯಿತು. ಸ್ವರ್ಣಲತಾ ಹೋದರು, ಭೋಜರಾಜರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಮಸ್ಕತ್ತಿನಲ್ಲೇ ಉಳಿದರು.